ಮಾಂಡೋವಿಯ ನಡುವಿನ ದಿವರ್: ಮೂರು ದಿನಕ್ಕೆ ಒಂದೇ ನಡುಗಡ್ಡೆ ಸಾಕು

ಪ್ರಶ್ನೆ: ನಾವು ದಾವಣಗೆರೆಯ ನಾಲ್ವರು ಗೆಳತಿಯರು, ಎಲ್ಲರಿಗೂ ನಲವತ್ತು ದಾಟಿದೆ. ದಸರಾ ರಜೆಯಲ್ಲಿ ಮೂರು ದಿನ ಗೋವೆಯ ಕಡೆ ಹೋಗಬೇಕೆಂದಿದ್ದೇವೆ. ಬೀಚುಗಳ ಗದ್ದಲ ಬೇಡ. ಯಾವುದಾದರೂ ನಡುಗಡ್ಡೆಯಲ್ಲಿ ಉಳಿದು, ಅಲ್ಲಿಯ ಊಟವನ್ನೇ ಉಂಡು, ಹಳೆಯ ಕಾಲದ್ದನ್ನು ನೋಡಿ ಬರುವ ಆಸೆ. ನಮ್ಮಲ್ಲಿ ಇಬ್ಬರು ಮೀನು, ಮಾಂಸ ಮುಟ್ಟುವುದಿಲ್ಲ. ಎಲ್ಲಿ ಉಳಿಯಬೇಕು, ಏನು ನೋಡಬೇಕು, ಏನು ತಿನ್ನಬೇಕು ಎಂದು ತಿಳಿಸುವಿರಾ?

ಉತ್ತರ: ನೀವು ದಿವರ್ ನಡುಗಡ್ಡೆಗೆ ಹೋಗಿ, ಎರಡು ರಾತ್ರಿಯನ್ನೂ ಅಲ್ಲಿಯೇ ಕಳೆಯಿರಿ ಎಂಬುದು ನನ್ನ ಸಲಹೆ. ಕೊಂಕಣಿಯಲ್ಲಿ ಅದನ್ನು ದಿವಾಡಿ ಎನ್ನುತ್ತಾರೆ. ಹಳೆ ಗೋವೆಯ ಎದುರಿಗೆ, ಮಾಂಡೋವಿ ನದಿಯ ನಡುವೆ ಇರುವ ಊರು ಅದು. ಮಾಂಡೋವಿ ಎಂದರೆ ನಮಗೆ ಹೊರಗಿನ ಹೊಳೆಯಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಘಟ್ಟ ಇಳಿದ ಮೇಲೆ ಆ ಹೆಸರನ್ನು ಪಡೆಯುತ್ತದೆ. ಪಕ್ಕದಲ್ಲಿಯೇ ಇರುವ ಚೋಡಣ ನಡುಗಡ್ಡೆಯಲ್ಲಿ ಸಲೀಂ ಅಲಿ ಅವರ ಹೆಸರಿನ ಪಕ್ಷಿಧಾಮವಿದೆ. ಹಕ್ಕಿಗಳೇ ನಿಮ್ಮ ಆಸಕ್ತಿಯಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ನೀವು ಕೇಳಿರುವುದು ಊಟ ಮತ್ತು ಇತಿಹಾಸವನ್ನು, ಅವೆರಡೂ ಒಂದೇ ನೆಲದಲ್ಲಿ ಒತ್ತಾಗಿ ಸಿಗುವುದು ದಿವರ್‌ನಲ್ಲಿ.

ಹೊರಡುವ ಮೊದಲು ಒಂದು ಭಾನುವಾರದ ಬೆಳಿಗ್ಗೆ ಬಿಡುವು ಮಾಡಿಕೊಂಡು ಚಿತ್ರದುರ್ಗದ ಚಂದ್ರವಳ್ಳಿಗೆ ಬನ್ನಿರಿ ಎಂದು ಕೇಳಿಕೊಳ್ಳುತ್ತೇನೆ. ಇದು ನನ್ನ ಊರಿನ ಅಭಿಮಾನದ ಮಾತಲ್ಲ. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಶಾಸನವಿದೆ. 4ನೆಯ ಶತಮಾನದ ಆ ಪ್ರಾಕೃತ ಶಾಸನ ಅವನು ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುತ್ತದೆ, ಅವನು ಗೆದ್ದವರ ಸಾಲಿನಲ್ಲಿ ಪಲ್ಲವರನ್ನೂ ಆಭೀರರನ್ನೂ ಹೆಸರಿಸುತ್ತದೆ. ಅದೇ ಕದಂಬ ಹೆಸರನ್ನು ಹೊತ್ತ ಒಂದು ಶಾಖೆ, ಬನವಾಸಿಯ ಅರಸೊತ್ತಿಗೆ ಮುಗಿದು ನಾಲ್ಕೈದು ಶತಮಾನಗಳಾದ ಮೇಲೆ, ಗೋವೆಯನ್ನು ಆಳಿತು. ಮೊದಲು ಚಂದ್ರಪುರ, ಅಂದರೆ ಈಗಿನ ಚಾಂದೋರ್, ಆಮೇಲೆ ಜುವಾರಿ ನದಿಯ ದಡದ ಗೋಪಕಪಟ್ಟಣ ಅವರ ರಾಜಧಾನಿಯಾಗಿದ್ದವು. ಸಮುದ್ರದ ವ್ಯಾಪಾರದಿಂದ ಸಿರಿವಂತರಾದ ಮೇಲೂ ಅವರು ತಮ್ಮನ್ನು ‘ಬನವಾಸಿಪುರವರಾಧೀಶ್ವರ’ರೆಂದು ಕರೆದುಕೊಳ್ಳುವುದನ್ನು ಬಿಡಲಿಲ್ಲ. ಅವರ ಅನೇಕ ಶಾಸನಗಳು ಕನ್ನಡದಲ್ಲಿವೆ. ಇವರ ಕುಲದೈವ ಸಪ್ತಕೋಟೀಶ್ವರ. ‘ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂಬ ಬಿರುದನ್ನು ಅವರು ತಮ್ಮ ಚಿನ್ನದ ನಾಣ್ಯಗಳ ಮೇಲೆಯೇ ಅಚ್ಚೊತ್ತಿಸಿದರು. ಆ ದೇವರ ಮೂಲ ನೆಲೆ ಇದ್ದದ್ದು ಇದೇ ದಿವರ್ ನಡುಗಡ್ಡೆಯ ನಾರ್ವೆಯಲ್ಲಿ. ಚಂದ್ರವಳ್ಳಿಯ ಬಂಡೆಯನ್ನು ಕಣ್ಣಲ್ಲಿ ಇಟ್ಟುಕೊಂಡು ದಿವರ್‌ಗೆ ಹೋದವರಿಗೆ ಅದು ಪೋರ್ಚುಗೀಸರ ಊರಾಗಿಯಷ್ಟೇ ಕಾಣುವುದಿಲ್ಲ. ಪಣಜಿಯಿಂದ ಹಳೆ ಗೋವೆಗೆ ಹೋಗುವ ಸರ್ಕಾರಿ ಬಸ್ಸಿನ ಮೈಮೇಲೆ ‘ಕದಂಬ’ ಎಂದು ಬರೆದಿರುವುದನ್ನೂ ಅಲ್ಲಿಯ ಸಿಂಹದ ಗುರುತನ್ನೂ ನೋಡಿ ನಿಮ್ಮ ಗೆಳತಿಯರು ಖಂಡಿತ ಕಾರಣ ಕೇಳುತ್ತಾರೆ.

ಹೋಗುವ ದಾರಿಯ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಯಶವಂತಪುರದಿಂದ ವಾಸ್ಕೊಗೆ ಹೋಗುವ ರೈಲು ದಾವಣಗೆರೆಯ ಮೇಲೆಯೇ ಹಾದುಹೋಗುತ್ತದೆ. ಮಡಗಾಂವ್‌ನಲ್ಲಿ ಇಳಿದು ಅಲ್ಲಿಂದ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಹಳೆ ಗೋವೆ ಸೇರಬಹುದು. ಕ್ಯಾಸಲ್‌ರಾಕ್ ದಾಟಿ ರೈಲು ಘಟ್ಟ ಇಳಿಯುವಾಗ ಎಚ್ಚರವಾಗಿರಿ, ದಸರಾ ವೇಳೆಗೆ ದೂಧಸಾಗರದಲ್ಲಿ ನೀರು ಚೆನ್ನಾಗಿಯೇ ಇರುತ್ತದೆ. ಕಾರಿನಲ್ಲಿ ಹೋಗುವುದಾದರೆ ಹುಬ್ಬಳ್ಳಿ, ಧಾರವಾಡ, ಅನಮೋಡ ಘಟ್ಟದ ಮೂಲಕ ಹೋಗಬಹುದು. ಆ ದಾರಿಯ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ದಿವರ್‌ಗೆ ಹಳೆ ಗೋವೆಯಿಂದ ಸೇತುವೆ ಇಲ್ಲ, ಫೆರಿಯಲ್ಲಿಯೇ ದಾಟಬೇಕು. ಸಿಗಂದೂರಿನ ಲಾಂಚ್‌ನಲ್ಲಿ ಓಡಾಡಿದವರಿಗೆ ಅದರ ಸ್ವರೂಪ ಬಿಡಿಸಿ ಹೇಳಬೇಕಾಗಿಲ್ಲ. ಕಾರು, ಸ್ಕೂಟರು, ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಎಲ್ಲವೂ ಒಂದೇ ತಗಡಿನ ಮೇಲೆ ನಿಂತು ಸಾಗುತ್ತವೆ. ದಾಟುವುದಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಹಳೆ ಗೋವೆಯ ಕಟ್ಟೆಗೆ ಇಳಿಯುವ ರಸ್ತೆಯಲ್ಲಿ ವೈಸರಾಯ್‌ಗಳ ಕಮಾನು ಇದೆ. 1599ರಲ್ಲಿ, ವಾಸ್ಕೊ ಡ ಗಾಮನ ಮರಿಮಗನಾದ ಫ್ರಾನ್ಸಿಸ್ಕೊ ಡ ಗಾಮ ಇಲ್ಲಿಯ ವೈಸರಾಯ್ ಆಗಿದ್ದಾಗ, ಅದನ್ನು ಕಟ್ಟಿಸಲಾಯಿತು. ಹೊಸದಾಗಿ ಬಂದ ವೈಸರಾಯ್ ಹಡಗಿನಿಂದಿಳಿದು ಆ ಕಮಾನಿನ ಕೆಳಗೆ ನಡೆದುಬಂದು ಅಧಿಕಾರ ವಹಿಸಿಕೊಳ್ಳುತ್ತಿದ್ದ. ನೀವು ಅದರ ಕೆಳಗಿನಿಂದಲೇ ಎದುರು ದಿಕ್ಕಿಗೆ, ನದಿಯ ಕಡೆಗೆ ಹೋಗುತ್ತೀರಿ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ತಲುಪಿದರೆ ಒಂದು ಎಚ್ಚರಿಕೆ ಬೇಕು, ಇದನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಹಲವು ವರ್ಷಗಳ ಹಿಂದೆ ನನ್ನ ಇತಿಹಾಸ ತರಗತಿಯ ಹನ್ನೊಂದು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದೂವರೆ ಗಂಟೆಗೆ ದಿವರ್‌ನಲ್ಲಿ ಇಳಿದೆ. ಊಟ ಸಿಗುತ್ತದೆಂದು ನಂಬಿಕೊಂಡಿದ್ದೆ. ಗೋವೆಯ ಹಳ್ಳಿಗಳಲ್ಲಿ ಮಧ್ಯಾಹ್ನದ ನಿದ್ದೆಗೆ ಅಂಗಡಿ, ಹೋಟೆಲು ಎಲ್ಲ ಬಾಗಿಲು ಹಾಕುತ್ತವೆ. ಬಿಸಿಲಲ್ಲಿ ಮಕ್ಕಳು ಬಿಸ್ಕತ್ತು ತಿಂದುಕೊಂಡು ಚರ್ಚಿನ ಗುಡ್ಡ ಹತ್ತಿದರು. ಮರುದಿನ ಒಂದು ಮನೆಯ ಹಿರಿಯ ತಾಯಿಯವರು ನಮ್ಮ ಅವಸ್ಥೆ ಕೇಳಿ, ಹಿಂದಿನ ದಿನವೇ ಒಂದು ಮಾತು ಹೇಳಿದ್ದರೆ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದೆನಲ್ಲ ಎಂದು ನೊಂದುಕೊಂಡರು. ಆದ್ದರಿಂದ ಉಳಿಯುವ ಜಾಗವನ್ನು ಹೋಂಸ್ಟೇಯಲ್ಲಿಯೇ ಹಿಡಿಯಿರಿ. ಎಷ್ಟು ಗಂಟೆಗೆ ಬರುತ್ತೀರಿ, ಎಷ್ಟು ಜನ ಮೀನು ತಿನ್ನುವವರು, ಎಷ್ಟು ಜನ ತಿನ್ನದವರು ಎಂಬುದನ್ನು ಎರಡು ದಿನ ಮೊದಲೇ ಫೋನಿನಲ್ಲಿ ತಿಳಿಸಿಬಿಡಿ. ದಿವರ್‌ನ ಒಳ್ಳೆಯ ಅಡುಗೆ ಬೋರ್ಡು ಹಾಕಿಕೊಂಡ ಹೋಟೆಲಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮನೆಗಳ ಒಳಗಿದೆ.

ಸಂಜೆ ಪಿಯೆದಾದ್ ಗುಡ್ಡಕ್ಕೆ ನಡೆಯಿರಿ. ಕರುಣಾಮಾತೆಯ ಹೆಸರಿನ ಬಿಳಿಯ ಚರ್ಚು ಅಲ್ಲಿದೆ. ಮೇಲಿನಿಂದ ಮಾಂಡೋವಿ, ಆಚೆ ದಡದಲ್ಲಿ ಹಳೆ ಗೋವೆಯ ಗೋಪುರಗಳು, ಕೆಳಗೆ ಗದ್ದೆಯ ಬಯಲು ಒಟ್ಟಿಗೆ ಕಾಣುತ್ತವೆ. ಎಲ್ಲರೂ ನಿಂತು ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ನೀವು ಹಾಗೆ ಮಾಡದೆ ಪಕ್ಕದ ಸ್ಮಶಾನದ ಚಿಕ್ಕ ಚಾಪೆಲ್‌ನ ಬಳಿ ಹೋಗಿ, ಬಾಗಿಲು ತೆರೆಸಲು ಅಲ್ಲಿಯವರನ್ನು ವಿನಯದಿಂದ ಕೇಳಿಕೊಳ್ಳಿರಿ. ಗುಡ್ಡದ ಮೇಲೆ ಮೊದಲು ಇದ್ದದ್ದು ಹಿಂದೂ ದೇವಾಲಯ. ಅದರ ಉಳಿದ ಭಾಗ ಈ ಚಾಪೆಲ್‌ನಲ್ಲಿ ಸೇರಿಕೊಂಡಿದೆ. ತಲೆಯೆತ್ತಿ ನೋಡಿದರೆ ಕದಂಬರ ಕಾಲದ ಕಲ್ಲಿನ ಚಾವಣಿ ಕಾಣುತ್ತದೆ. ಇಡೀ ನಡುಗಡ್ಡೆಯಲ್ಲಿ ಕದಂಬರ ಕೈಗೆಲಸ ನೇರವಾಗಿ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಇಲ್ಲಿ ಮಾತ್ರ, ಅದೂ ಶಿಲುಬೆಗಳ ನಡುವೆ. ಪೋರ್ಚುಗೀಸರು ಗುಡಿಗಳನ್ನು ಕೆಡವುತ್ತಿದ್ದ ಕಾಲದಲ್ಲಿ ಈ ನಡುಗಡ್ಡೆಯ ಗಣಪತಿಯನ್ನು ಭಕ್ತರು ಹೊತ್ತು ನದಿ ದಾಟಿಸಿದರು. ಅವನಿಗೆ ಇಂದಿಗೂ ಖಾಂಡೋಳದಲ್ಲಿ ಪೂಜೆ ನಡೆಯುತ್ತದೆ. ಅಲ್ಲಿ ಮಾತಿನಲ್ಲಿ ಎಚ್ಚರವಿರಲಿ ಎಂದು ಹೇಳಲೇಬೇಕಾಗಿದೆ. ಆ ಸಮಾಧಿಗಳಲ್ಲಿ ಮಲಗಿರುವವರ ಮೊಮ್ಮಕ್ಕಳು ಪಕ್ಕದ ಮನೆಯಲ್ಲಿಯೇ ಇದ್ದಾರೆ. ಐದು ಶತಮಾನದ ಹಿಂದಿನ ಲೆಕ್ಕವನ್ನು ಅವರ ಅಂಗಳದಲ್ಲಿ ತೆಗೆಯುವುದು ಅತಿಥಿಗೆ ತಕ್ಕುದಲ್ಲ. ಕೇಳಿದರೆ ಅವರೇ ತಮ್ಮ ಮನೆತನದ ಹಿಂದಿನ ಕಥೆಯನ್ನು ಹೇಳುತ್ತಾರೆ.

ಎರಡನೆಯ ದಿನ ಬೆಳಗಾಗುವ ಮೊದಲೇ ಓಣಿಯಲ್ಲಿ ಹಾರ್ನ್ ಕೇಳಿಸುತ್ತದೆ. ಅದು ಪೊದೇರ್, ಅಂದರೆ ಬ್ರೆಡ್ಡು ಮಾರುವವನು, ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಬರುತ್ತಾನೆ. ಅವನಲ್ಲಿ ‘ಪೊಯ್’ ಕೇಳಿ ತೆಗೆದುಕೊಳ್ಳಿ. ಅಂಗೈಗಿಂತ ಸ್ವಲ್ಪ ದೊಡ್ಡದು, ದುಂಡಗೆ, ಮೇಲೆ ಗೋಧಿಯ ತೌಡು ಉದುರಿಸಿದ್ದು, ಒಳಗೆ ಉಬ್ಬಿ ಟೊಳ್ಳಾಗಿರುತ್ತದೆ. ಬಿಸಿ ಇರುವಾಗಲೇ ಮುರಿದರೆ, ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯಿಂದ ಹೊರಡುವಂಥ ಹಬೆ ಮುಖಕ್ಕೆ ತಗಲುತ್ತದೆ. ಹಿಂದೆ ಇದರ ಹಿಟ್ಟನ್ನು ತೆಂಗಿನ ಸೇಂದಿಯಿಂದ ಹುದುಗು ಬರಿಸುತ್ತಿದ್ದರು. ಈಗ ಹೆಚ್ಚಿನವರು ಈಸ್ಟ್ ಹಾಕುತ್ತಾರೆ. ಒಲೆ ಮಾತ್ರ ಹಲವೆಡೆ ಇನ್ನೂ ಸೌದೆಯದೇ. ಬ್ರೆಡ್ಡು ಪೋರ್ಚುಗೀಸರು ತಂದದ್ದು, ಸೇಂದಿ ಇಲ್ಲಿಯದು, ತೌಡು ಉದುರಿಸುವ ಬುದ್ಧಿ ಇಲ್ಲಿಯ ಬಡತನದ್ದಿರಬಹುದೆಂದು ನನ್ನ ಊಹೆ. ನಮ್ಮ ಬೆಣ್ಣೆದೋಸೆಯ ಊರಿನವರಾದ ನಿಮಗೆ ಒಂದು ಮಾತು: ಚೀಲದಲ್ಲಿ ಸ್ವಲ್ಪ ಬೆಣ್ಣೆ ಇಟ್ಟುಕೊಂಡು ಹೋದರೆ ಆ ಬೆಳಿಗ್ಗೆ ಬಹಳ ಪ್ರಯೋಜನಕ್ಕೆ ಬರುತ್ತದೆ.

ಊಟದ ವಿಚಾರ ಇಲ್ಲಿಯೇ ಮುಗಿಸುತ್ತೇನೆ. ಗೋವೆಯಲ್ಲಿ ಸಸ್ಯಾಹಾರಿಗಳಿಗೆ ಏನೂ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ನಿಮ್ಮ ಇಬ್ಬರು ಗೆಳತಿಯರು ‘ಖತ್ಖತೆಂ’ ಕೇಳಲಿ. ಹಲವು ತರಕಾರಿ, ಗಡ್ಡೆ, ಸ್ವಲ್ಪ ತೊಗರಿಬೇಳೆ, ತೆಂಗಿನಕಾಯಿ ರುಬ್ಬಿದ್ದು, ಬೆಲ್ಲ, ಮುರುಗಲಿನ ಹುಳಿ, ಕೊನೆಗೆ ಜುಮ್ಮನಕಾಯಿಯ ಘಮ ಸೇರಿದ ಪದಾರ್ಥ ಅದು. ಅಲಸಂದೆಯ ‘ತೊಣಾಕ್’ ಪೊಯ್ ಜೊತೆಗೆ ಹೇಳಿ ಮಾಡಿಸಿದಂತಿರುತ್ತದೆ. ಮಳೆಗಾಲ ಮುಗಿಯುತ್ತಿರುವಾಗ ಹೋದರೆ ಹುರಿದ ತೆಂಗಿನಕಾಯಿ, ಮಸಾಲೆ ರುಬ್ಬಿ ಮಾಡುವ ಅಣಬೆಯ ‘ಶಾಕುತಿ’ ಸಿಕ್ಕರೂ ಸಿಗಬಹುದು. ತೆಂಗಿನಹಾಲು, ಮುರುಗಲು ಸೇರಿದ ಸೋಲ್ ಕಡಿಯನ್ನು ಊಟದ ಕೊನೆಗೆ ನಾವು ಮಜ್ಜಿಗೆ ಕುಡಿದಂತೆ ಕುಡಿಯುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇದೆ: ಕೆಲವು ಪಲ್ಯಗಳಲ್ಲಿ ಒಣಸೀಗಡಿಯನ್ನು ರುಚಿಗೆಂದು ಸೇರಿಸುತ್ತಾರೆ, ಅದನ್ನು ಅವರು ಮಾಂಸಾಹಾರವೆಂದೇ ಎಣಿಸದಿರಬಹುದು. ಬಾಯಿಬಿಟ್ಟು ಕೇಳಿರಿ. ಮೀನು ತಿನ್ನುವ ಇಬ್ಬರಿಗೆ ಹುಳಿಖಾರದ ‘ಅಂಬಟ್ ತಿಖ್’, ಖಾರದ ಮಸಾಲೆ ತುಂಬಿ ಕಾಯಿಸಿದ ಬಂಗುಡೆ, ಕೆಂಪು ಕುಚ್ಚಲಕ್ಕಿಯ ಅನ್ನ. ಬೆಳಗಿನ ‘ಪೇಜ್’ ಎಂದರೆ ಅದೇ ಅಕ್ಕಿಯ ಗಂಜಿ. ಅದಕ್ಕೆ ನೆಂಚಿಕೊಳ್ಳಲು ಹಿಂದಿನ ದಿನದ ಸಾರನ್ನು ಬತ್ತಿಸಿ ಗಟ್ಟಿ ಮಾಡಿದ ‘ಕಾಲ್ಚಿ ಕಡಿ’ ಇರುತ್ತದೆ. ಹೋಟೆಲುಗಳಲ್ಲಿ ಇದನ್ನು ಕೇಳುವವರೂ ಇಲ್ಲ, ಬಡಿಸುವವರೂ ಕಡಿಮೆ. ಮನೆಯವರು ಸಂಕೋಚದಿಂದ ಬೇಡ ಎಂದರೂ ನೀವು ಕೇಳಿ ಪಡೆಯಿರಿ. ಮೊಟ್ಟೆ ಸೇವಿಸುವವರು ಪದರಪದರದ ‘ಬೆಬಿಂಕ’ ತಿನ್ನಬಹುದು. ಮೊಟ್ಟೆ ಬೇಡದವರಿಗೆ ತೆಂಗಿನಹಾಲು, ಕಪ್ಪು ಬೆಲ್ಲದ ‘ದೊದೊಲ್’ ಇದೆ.

ಈ ಊಟದ ಮುಂದೆ ಕುಳಿತಾಗ ನೆನೆಯಬೇಕಾದ ಸಂಗತಿ ಒಂದಿದೆ. ಒಣಮೆಣಸಿನಕಾಯಿ, ಆಲೂಗಡ್ಡೆ, ಗೋಡಂಬಿ, ಪಪ್ಪಾಯಿ, ಅನಾನಸು ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಮೆಣಸಿನಕಾಯಿಯೂ ಗೋಡಂಬಿಯೂ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದವು, ಗೋವೆ ಅವರ ಮುಖ್ಯ ಬಂದರಾಗಿತ್ತು. ದಾವಣಗೆರೆಯ ಮಂಡಕ್ಕಿಯ ಜೊತೆಗಿನ ಮೆಣಸಿನಕಾಯಿ ಬಜ್ಜಿಗೂ ದೋಸೆಯ ಜೊತೆಗಿನ ಆಲೂಗಡ್ಡೆ ಪಲ್ಯಕ್ಕೂ ಆ ಹಡಗುಗಳ ಋಣವಿದೆ. ಮಾತಿನಲ್ಲಿಯೂ ಅಷ್ಟೇ: ನಾವು ದಿನವೂ ಆಡುವ ಅಲಮಾರಿ, ಚಾವಿ, ಪಗಾರ, ಪಾದ್ರಿ ಎಂಬ ಪದಗಳು ಪೋರ್ಚುಗೀಸಿನಿಂದ ಬಂದವು.

ತಿಂಡಿಯಾದ ಮೇಲೆ ಬಿಸಿಲೇರುವ ಮುನ್ನ ಗದ್ದೆಯ ಬದುವಿನ ಮೇಲೆ ನಡೆಯಿರಿ. ಇದನ್ನು ಯಾವ ಪ್ರವಾಸದ ಪಟ್ಟಿಯೂ ಸೇರಿಸುವುದಿಲ್ಲ. ನನಗೆ ಮಾತ್ರ ದಿವರ್‌ನ ಅತಿ ದೊಡ್ಡ ಸ್ಮಾರಕ ಇದೇ ಅನಿಸುತ್ತದೆ. ಗೋವೆಯವರು ಇಂಥ ನೆಲವನ್ನು ಖಾಜನ್ ಎನ್ನುತ್ತಾರೆ. ನಮ್ಮ ಕುಮಟಾ ಕಡೆಯ ಅಘನಾಶಿನಿ ತೀರದಲ್ಲಿ ಇದನ್ನೇ ಗಜನಿ ಎನ್ನುತ್ತೇವೆ, ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದಂತೆ ಇಲ್ಲಿ ಕೊರ್ಗುಟ್ ಭತ್ತ ಬೆಳೆಯುತ್ತದೆ. ನದಿಯ ಉಪ್ಪುನೀರು ಏರುವ ಜಾಗಕ್ಕೆ ಮಣ್ಣು, ಕಲ್ಲುಗಳ ಒಡ್ಡು ಕಟ್ಟಿ, ಒಳಗಿನ ತಗ್ಗು ನೆಲವನ್ನು ಗದ್ದೆ ಮಾಡಿದ್ದಾರೆ. ಒಡ್ಡಿನಲ್ಲಿ ಅಲ್ಲಲ್ಲಿ ‘ಮಾನಸ’ ಎಂಬ ತೂಬು ಇರುತ್ತದೆ, ಅದರ ಬಳಿ ಕಾಲು ಗಂಟೆ ಕುಳಿತು ನೋಡಿರಿ. ತೂಬಿನ ಮರದ ಕದಕ್ಕೆ ಕಾವಲುಗಾರ ಬೇಕಿಲ್ಲ. ಉಬ್ಬರದ ನೀರು ಹೊರಗಿನಿಂದ ಒತ್ತಿದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದ ವೇಳೆ ಒಳಗಿನ ಮಳೆನೀರು ಒತ್ತಿದಾಗ ತಾನೇ ತೆರೆದು ಗದ್ದೆಯ ನೀರನ್ನು ಹೊರಗೆ ಬಿಡುತ್ತದೆ. ಆ ಬಾಯಿಗೆ ಬಲೆ ಕಟ್ಟಿ ಮೀನು, ಸೀಗಡಿ ಹಿಡಿಯುತ್ತಾರೆ. ಈ ಒಡ್ಡುಗಳನ್ನು ಕಾಯುವ ಹೊಣೆ, ಊರಿನ ನೆಲವನ್ನು ಒಟ್ಟಾಗಿ ನೋಡಿಕೊಳ್ಳುತ್ತಿದ್ದ ಗಾಂವ್ಕಾರಿ ಸಂಘಗಳದ್ದಾಗಿತ್ತು. ಪೋರ್ಚುಗೀಸರು 1526ರಲ್ಲಿ ಗೋವೆಯ ಹಳ್ಳಿಗಳ ರೂಢಿ ಕಟ್ಟಳೆಗಳನ್ನು ಬರೆದಿಟ್ಟಾಗ ಈ ವ್ಯವಸ್ಥೆ ಆಗಲೇ ಹಳೆಯದಾಗಿತ್ತು. ಹಿಂದಿನ ರಾತ್ರಿ ನೀವು ಉಂಡ ಅನ್ನವೂ ಸೀಗಡಿಯೂ ಇಂಥ ನೆಲದಲ್ಲಿಯೇ ಹುಟ್ಟುವಂಥವು. ದಸರಾ ಹೊತ್ತಿಗೆ ಕೊಯ್ಲು ನಡೆಯುತ್ತಿರುತ್ತದೆ, ಆಳುಗಳು ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುವ ಹೊತ್ತಿಗೆ ಹೋದರೆ ಮಾತೂ ಸಿಗುತ್ತದೆ.

ಮಧ್ಯಾಹ್ನ ನೀವೂ ಊರಿನವರಂತೆ ಮಲಗಿ, ನಾಲ್ಕರ ಹೊತ್ತಿಗೆ ನಾರ್ವೆಗೆ ಹೊರಡಿ. ನಡುಗಡ್ಡೆಯ ಈ ತುದಿಯಲ್ಲಿಯೇ ಸಪ್ತಕೋಟೀಶ್ವರನ ಗುಡಿ ಇತ್ತು. ಬಹಮನಿ ದಾಳಿಯಲ್ಲಿ ಅದು ಹಾಳಾಯಿತು. 14ನೆಯ ಶತಮಾನದ ಕೊನೆಯಲ್ಲಿ ವಿಜಯನಗರದ ಮಾಧವ ಮಂತ್ರಿ ಗೋವೆಯನ್ನು ಗೆದ್ದು ಲಿಂಗವನ್ನು ಮರಳಿ ಪ್ರತಿಷ್ಠಾಪಿಸಿದ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಗುಡಿಯನ್ನು ಮತ್ತೆ ಕೆಡವಿದರು. ಲಿಂಗವನ್ನು ಭಕ್ತರು ಗುಟ್ಟಾಗಿ ನದಿ ದಾಟಿಸಿ, ಆಚೆ ದಡದ ಡಿಚೋಲಿ ಸೀಮೆಗೆ ಒಯ್ದರು. ಅಲ್ಲಿಯ ಊರಿಗೂ ನಾರ್ವೆ ಎಂದೇ ಹೆಸರು. ದಿವರ್‌ನಲ್ಲಿ ಈಗ ಉಳಿದಿರುವುದು ಕೋಟಿತೀರ್ಥವೆಂಬ ಹಳೆಯ ಪುಷ್ಕರಣಿ. ಅದರ ಮೆಟ್ಟಿಲ ಮೇಲೆ ನಿಂತಾಗ ನನಗೆ ಪ್ರತಿ ಸಲವೂ ಚಂದ್ರವಳ್ಳಿಯ ಕೆರೆ ಕಣ್ಣಿಗೆ ಬರುತ್ತದೆ: ವಂಶದ ಮೊದಲನೆಯವನು ಕೆರೆ ಮಾಡಿಸಿ ಬಂಡೆಯ ಮೇಲೆ ಬರೆಸಿದ, ಅವನ ಹೆಸರನ್ನು ಹೊತ್ತವರ ದೇವರ ಗುರುತಾಗಿ ಕಡಲ ಬಳಿ ಉಳಿದದ್ದೂ ನೀರಿನ ಕಟ್ಟೆಯೇ.

ಅಲ್ಲಿಂದಲೇ ಇನ್ನೊಂದು ಫೆರಿ ಆಚೆ ನಾರ್ವೆಗೆ ಹೋಗುತ್ತದೆ. ಲಿಂಗ ದಾಟಿದ ನೀರನ್ನು ನೀವೂ ದಾಟುತ್ತೀರಿ. ಆ ದಡದ ಸಪ್ತಕೋಟೀಶ್ವರ ದೇವಾಲಯವನ್ನು 1668ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಗೋವೆ ಸರ್ಕಾರ ದುರಸ್ತಿ ಮಾಡಿಸಿದ ಮೇಲೆ 2023ರಲ್ಲಿ ಅದು ಮತ್ತೆ ತೆರೆಯಿತು. ಹಂಪಿ, ಹಳೇಬೀಡು ನೋಡಿದ ಕಣ್ಣಿಗೆ ಇದು ಗುಡಿಯಂತೆಯೇ ಕಾಣುವುದಿಲ್ಲ. ಇಳಿಜಾರು ಹೆಂಚಿನ ಮಾಡು, ಮೇಲೆ ಗುಮ್ಮಟ, ಅಂಗಳದಲ್ಲಿ ದೀಪಸ್ತಂಭ ಇವೆ, ಶಿಲ್ಪದ ಅಬ್ಬರವಿಲ್ಲ. ಒಳಗಿನ ಲಿಂಗವನ್ನು ಗಮನವಿಟ್ಟು ನೋಡಿ. ಅದು ಧಾರಾಲಿಂಗ, ನುಣ್ಣಗೆ ದುಂಡಗಿರದೆ ಮೈಯೆಲ್ಲ ಪಟ್ಟಿಪಟ್ಟಿಯಾಗಿ ಮುಖಗಳನ್ನು ಕಡೆದದ್ದು. ಮರಳುವ ಕೊನೆಯ ಫೆರಿ ಎಷ್ಟು ಗಂಟೆಗೆಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಮೂರನೆಯ ದಿನ ಬೆಳಿಗ್ಗೆ ಹಳೆ ಗೋವೆಗೆ ದಾಟಿ ಬನ್ನಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಚರ್ಚುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. 1605ರಲ್ಲಿ ಪೂರ್ಣಗೊಂಡ ಬೊಂ ಜೀಸಸ್ ಬೆಸಿಲಿಕಾ, ಅದರಲ್ಲಿರುವ ಸಂತ ಫ್ರಾನ್ಸಿಸ್ ಜೇವಿಯರ್ ಅವರ ಪಾರ್ಥಿವ ಶರೀರ, ಎದುರಿನ ಸೇ ಕೆಥೆಡ್ರಲ್ ಇವನ್ನು ಜನಸಂದಣಿ ಸೇರುವ ಮುನ್ನ ನೋಡಿಬಿಡಿ. ಪುರಾತತ್ತ್ವ ಇಲಾಖೆಯ ಮ್ಯೂಸಿಯಂಗೆ ಒಂದು ಗಂಟೆ ಕೊಡಿ. ಆಮೇಲೆ ಸೇಂಟ್ ಕೆಜೆಟನ್ ಚರ್ಚಿನ ಬಳಿ ಒಂಟಿಯಾಗಿ ನಿಂತಿರುವ ಕರಿಕಲ್ಲಿನ ಬಾಗಿಲ ಚೌಕಟ್ಟನ್ನು ಹುಡುಕಿಕೊಳ್ಳಿ. ವಿಜಾಪುರದ ಆದಿಲ್‌ಶಾಹಿ ಅರಮನೆಯಿಂದ ಉಳಿದದ್ದು ಅಷ್ಟೇ. 1510ರ ನವೆಂಬರ್‌ನಲ್ಲಿ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದು ಈ ವಿಜಾಪುರದವರಿಂದ. ಬನವಾಸಿ, ವಿಜಯನಗರ, ವಿಜಾಪುರ ಮೂರರ ಗುರುತೂ ಒಂದು ಫೆರಿಯ ದೂರದಲ್ಲಿ ಸಿಗುವುದನ್ನು ನಮ್ಮ ಕಡೆಯ ಪ್ರವಾಸಿಗರು ಗಮನಿಸದೆ ಬರುತ್ತಾರಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾರಿನಲ್ಲಿ ಹೋಗಿದ್ದರೆ ಮರಳುವಾಗ ಮೊಲ್ಲೆಂ ಬಳಿ ಮುಖ್ಯ ರಸ್ತೆ ಬಿಟ್ಟು ತಾಂಬ್ಡಿ ಸುರ್ಲಾದ ಮಹಾದೇವ ಗುಡಿಗೆ ಹೋಗಿ ಬನ್ನಿ. ಕಾಡಿನ ನಡುವೆ ಹಳ್ಳದ ಪಕ್ಕದಲ್ಲಿ ಕರಿಕಲ್ಲಿನ ಆ ಚಿಕ್ಕ ಗುಡಿ ಕದಂಬರ ಕಾಲದಿಂದ ಹಾಗೆಯೇ ನಿಂತಿದೆ. ಘಟ್ಟ ಹತ್ತಿ ಇನ್ನೂ ಹಗಲು ಉಳಿದಿದ್ದರೆ, ಕಿತ್ತೂರಿನ ಕಡೆಯ ದೇಗಾಂವದಲ್ಲಿ ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವೂ ಇದೆ. ಎರಡನ್ನೂ ಒಂದೇ ದಿನದಲ್ಲಿ ಹಿಡಿಸಲು ಹೋದರೆ ದಾವಣಗೆರೆ ಮುಟ್ಟುವಾಗ ನಡುರಾತ್ರಿಯಾಗುತ್ತದೆ. ಒಂದನ್ನೇ ಆರಿಸಿಕೊಳ್ಳುವುದಾದರೆ ತಾಂಬ್ಡಿ ಸುರ್ಲಾ ಎನ್ನುತ್ತೇನೆ. ದೇಗಾಂವಕ್ಕೆ ನೀವು ಊರಿನಿಂದ ಯಾವ ಭಾನುವಾರ ಬೇಕಾದರೂ ಹೋಗಿ ಬರಬಹುದು.